ಒಂಬತ್ತರಲ್ಲಿ ಮೂರು: ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಬೆಲೆ ಕುದುರಿದ ಬಗೆ

2024ರಲ್ಲಿ ನನ್ನ ತಂಗಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಳು. ಗಾಡಿ ಹುಡುಕಿದ್ದು, ಲೆಕ್ಕ ಹಾಕಿದ್ದು, ಕೊನೆಗೆ ಬೆಲೆ ಕುದುರಿಸಿದ್ದು ಎಲ್ಲ ಅವಳೇ. ಗಾಡಿ ಪರೀಕ್ಷೆ ಮಾಡೋದು ನನಗೆ ಸ್ವಲ್ಪ ಗೊತ್ತು ಅಂತ ಜೊತೆಗೆ ಹೋಗಿದ್ದೆ. ಆ ಮಾತುಕತೆಯಲ್ಲಿ ನಾನು ಮಾಡಿದ ತಪ್ಪನ್ನೂ, ಅದನ್ನು ಅವಳು ಸರಿಮಾಡಿದ ರೀತಿಯನ್ನೂ ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿತು. ಚೌಕಾಸಿ ಬಗ್ಗೆ ನನಗಿದ್ದ ತಿಳಿವಳಿಕೆ ಬದಲಾಗಿದ್ದು ಅಲ್ಲೇ.

ಗಾಡಿ 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುವಲ್ ಗೇರ್. ಮೊದಲಿನಿಂದ ಒಬ್ಬರೇ ಓನರ್. ಓಡಿದ್ದು 97,800 ಕಿ.ಮೀ. ಮಾರುತ್ತಿದ್ದವರು ನಿವೃತ್ತ ಮೇಷ್ಟ್ರು. ಕಣ್ಣು ಮಂಜಾಗುತ್ತಿದೆ, ಡ್ರೈವಿಂಗ್ ಬಿಟ್ಟಿದ್ದೇನೆ ಅಂದಿದ್ದರು.

ಲೆಕ್ಕ ಸುಲಭವಾಗಲಿ ಅಂತ ಅವರು ಕೇಳಿದ ಬೆಲೆಯನ್ನು 100 ಎಂದು ಇಟ್ಟುಕೊಳ್ಳೋಣ. ಮುಂದೆ ಬರುವ ಅಂಕಿಗಳೆಲ್ಲ ಆ ನೂರರ ಅಳತೆಯಲ್ಲೇ ಇವೆ. ತಂಗಿ ಗಾಡಿಗೆಂದು ಕೂಡಿಟ್ಟಿದ್ದ ದುಡ್ಡೂ ಸರಿಯಾಗಿ 100. ಇನ್ಶೂರೆನ್ಸ್, ಹೆಸರು ಬದಲಾವಣೆ ಖರ್ಚನ್ನು ಬೇರೆ ತೆಗೆದಿಟ್ಟಿದ್ದಳು. ಅಂದರೆ ಕೇಳಿದಷ್ಟು ಕೊಟ್ಟುಬಿಟ್ಟರೆ ರಿಪೇರಿಗೆ ಒಂದು ಕಾಸೂ ಉಳಿಯುತ್ತಿರಲಿಲ್ಲ.

ಗಾಡಿ ನೋಡುವ ಮುಂಚೆ

ಮೂರು ವಾರ ಅವಳು ಒಂದು ನೋಟ್‌ಬುಕ್ ಇಟ್ಟಿದ್ದಳು. ಅದೇ ಮಾಡೆಲ್, 2015ರಿಂದ 2017ರ ಒಳಗಿನದು, 80,000ದಿಂದ 1,10,000 ಕಿ.ಮೀ. ಓಡಿದ್ದು. ಇಂಥ ಹದಿನಾಲ್ಕು ಜಾಹೀರಾತು ಸಿಕ್ಕವು. ಕೇಳಿದ ಬೆಲೆ 86ರಿಂದ 108ರವರೆಗೆ ಇತ್ತು. ಜಾಸ್ತಿ ಇದ್ದದ್ದು 93ರಿಂದ 98ರ ನಡುವೆ.

ಬರೀ ಬೆಲೆ ಬರೆದುಕೊಂಡಿದ್ದರೆ ಅಷ್ಟು ಪ್ರಯೋಜನ ಆಗುತ್ತಿರಲಿಲ್ಲ. ಜಾಹೀರಾತಿನಲ್ಲಿರುವುದು ಮಾರುವವರ ಆಸೆ. ಆದರೆ ಅವಳು ದಿನ ಬಿಟ್ಟು ದಿನ ನೋಡಿ ಯಾವುದು ಮಾಯವಾಯಿತು, ಯಾವುದರ ಬೆಲೆ ಇಳಿಯಿತು ಅಂತ ಗುರುತು ಹಾಕಿದ್ದಳು. 92, 93 ಹೇಳಿದ್ದ ಮೂರು ಗಾಡಿಗಳು ವಾರದೊಳಗೆ ಹೋದವು. 100ರ ಮೇಲೆ ಕೇಳಿದವರು ಅಲ್ಲೇ ಕೂತಿದ್ದರು, ಇಬ್ಬರು ಎರಡೆರಡು ಸಲ ಇಳಿಸಿದರು. ಹಾಗಾಗಿ ಮಾಮೂಲಿ ಸವೆತ ಇರುವ ಗಾಡಿಗೆ ನಿಜವಾದ ಬೆಲೆ 92ರ ಆಸುಪಾಸು ಎಂದು ತೀರ್ಮಾನ ಮಾಡಿದಳು. ಎಂಟು ವರ್ಷದ ಗಾಡಿ ಕೊಂಡ ಮೊದಲ ಕೆಲವು ತಿಂಗಳಲ್ಲಿ ಹತ್ತು ಹನ್ನೆರಡರಷ್ಟು ಕೆಲಸ ಬಂದೇ ಬರುತ್ತೆ ಅಂತ ನಾನು ಹೇಳಿದ್ದೆ. ಕೂಡಿಟ್ಟ ನೂರರಲ್ಲಿ ಹನ್ನೆರಡು ಕಳೆದು, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ದಪ್ಪಗೆ ಬರೆದಳು: 88. ಇದರ ಮೇಲೆ ಬೇಡ.

ಈ ಅಂಕಿಯನ್ನು ಗಾಡಿ ನೋಡುವ ಮುಂಚೆಯೇ ಬರೆದದ್ದು ಮುಖ್ಯ. ಅಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಜನರ ಮುಂದೆ ಒಂದು ಚಕ್ರ ತಿರುಗಿಸುತ್ತಾರೆ. ಅದು 10ಕ್ಕೆ ಅಥವಾ 65ಕ್ಕೆ ಮಾತ್ರ ನಿಲ್ಲುವ ಹಾಗೆ ಮಾಡಿರುತ್ತಾರೆ. ಆಮೇಲೆ ಕೇಳುತ್ತಾರೆ: ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ ಆಫ್ರಿಕಾದವು ಶೇಕಡಾ ಎಷ್ಟು? 10 ನೋಡಿದವರ ಉತ್ತರ ಸುಮಾರು 25. 65 ನೋಡಿದವರದು 45. ಚಕ್ರಕ್ಕೂ ಆಫ್ರಿಕಾಕ್ಕೂ ಏನೇನೂ ಸಂಬಂಧ ಇಲ್ಲ, ಆದರೂ ಮೊದಲು ಕಂಡ ಅಂಕಿ ಮನಸ್ಸನ್ನು ಎಳೆದುಬಿಟ್ಟಿತು. ಮಾರುವವರು ಹೇಳುವ ಮೊದಲ ಬೆಲೆಯೂ ಹಾಗೇ ಎಳೆಯುತ್ತೆ. ನೂರು ಕೇಳಿದವರು 95ಕ್ಕೆ ಒಪ್ಪಿದರೆ ಐದು ಗೆದ್ದೆವು ಅನ್ನಿಸುತ್ತೆ. ನಮ್ಮದೇ ಅಂಕಿ ಕೈಯಲ್ಲಿದ್ದರೆ ಅದೇ 95 ಏಳು ಜಾಸ್ತಿ ಅಂತ ಕಾಣುತ್ತೆ.

ಇನ್ನೊಂದು ಆಸರೆಯೂ ಇತ್ತು. ಸ್ವಲ್ಪ ಕಡಿಮೆ ಸೌಲಭ್ಯದ ಇನ್ನೊಂದು ಗಾಡಿಯನ್ನು ನೋಡಿಟ್ಟಿದ್ದಳು. ಇದು ಆಗದಿದ್ದರೆ ಅದಕ್ಕೆ ಹೋಗುವವಳೇ. ಸುಮ್ನೆ ಎದ್ದು ಹೋಗುವ ನಾಟಕ ಮಾಡೋದಕ್ಕೂ, ನಿಜವಾಗಿ ಹೋಗಲು ಜಾಗ ಇರೋದಕ್ಕೂ ದನಿಯಲ್ಲೇ ವ್ಯತ್ಯಾಸ ಗೊತ್ತಾಗುತ್ತೆ.

ಫೋನಿನಲ್ಲಿ ಮೇಷ್ಟ್ರು, "ಎಷ್ಟಕ್ಕೆ ತಗೋತೀಯಮ್ಮ, ಅದನ್ನ ಹೇಳು" ಅಂದರು. "ನೋಡದೆ ಹೇಳಿದ್ರೆ ನಿಮಗೂ ಅನ್ಯಾಯ, ನನಗೂ ಅನ್ಯಾಯ ಸರ್. ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ, ಅಷ್ಟು ಸಾಕು" ಅಂದಳು.

ಮೊದಲ ಭೇಟಿ

ಬೆಳಿಗ್ಗೆ ಏಳಕ್ಕೆ ಹೋದೆವು. ಬಾನೆಟ್ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಎಂಜಿನ್ ಬಿಸಿ ಇದ್ದರೆ ಸ್ಟಾರ್ಟಿಂಗ್ ತೊಂದರೆಯೂ, ಮೊದಲ ಹೊಗೆಯೂ ಮುಚ್ಚಿಹೋಗುತ್ತೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಬಿಳಿ ಹೊಗೆ ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಎಂಜಿನ್ ತಂಪಾಗಿಡುವ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಇಲ್ಲಿ ಎರಡೂ ಇರಲಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮುಂದಿನ ಎರಡು ಟೈರಿನಲ್ಲಿ 1419 ಅಂತ ಇತ್ತು, ಅಂದರೆ 2019ರ ಹದಿನಾಲ್ಕನೇ ವಾರದವು. ಟೈರಿನ ಗುಂಡಿ (ನೆಲ ಹಿಡಿಯುವ ಉಬ್ಬು) ಇನ್ನೂ ಇತ್ತು, ಆದರೆ ಪಕ್ಕದ ರಬ್ಬರಿನಲ್ಲಿ ಕೂದಲೆಳೆಯ ಬಿರುಕು. ಹಿಂದಿನವು 2022ರವು. ಸ್ಟೆಪ್ನಿ ಮಾತ್ರ 0516, ಗಾಡಿಯ ಜೊತೆ ಬಂದದ್ದೇ. ಕಿಟಕಿ ಗಾಜುಗಳ ಮೇಲಿನ ಗುರುತುಗಳೂ ಒಂದಕ್ಕೊಂದು ಹೊಂದುತ್ತಿದ್ದವು. ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿದೆ. ನೀರಿನಲ್ಲಿ ಮುಳುಗಿದ ಗಾಡಿಯಾಗಿದ್ದರೆ ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತೆ. ಕ್ಲೀನಾಗಿತ್ತು.

ಪೇಂಟ್ ದಪ್ಪ ಅಳೆಯುವ ಚಿಕ್ಕ ಯಂತ್ರ ತಗೊಂಡು ಹೋಗಿದ್ದೆ. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ ನೂರರ ಆಚೀಚೆ ಮೈಕ್ರಾನ್ ಇರುತ್ತೆ. ಎಲ್ಲ ಕಡೆ 100ರಿಂದ 130 ತೋರಿಸಿತು. ಎಡಗಡೆ ಹಿಂದಿನ ಬಾಗಿಲಿಗೆ ಬಂದಾಗ 420 ಅಂತು. ಪುಟ್ಟಿ ಹಚ್ಚಿ ಮತ್ತೆ ಪೇಂಟ್ ಹೊಡೆದಿದ್ದಾರೆ.

"ಆಕ್ಸಿಡೆಂಟ್ ಆಗಿದೆ ಅಲ್ವಾ" ಅಂತ ನನ್ನ ಬಾಯಿಗೆ ಬಂದಿತ್ತು. ತಂಗಿ ಮೊದಲು ಕೇಳಿದಳು: "ಸರ್, ಈ ಬಾಗಿಲಿಗೆ ಏನಾಗಿತ್ತು?" ಅವರು ಸ್ವಲ್ಪ ಹೊತ್ತು ಬೇರೆ ಕಡೆ ನೋಡಿದರು. "ಗೇಟಿಗೆ ತಾಗಿತ್ತು. ಸರಿ ಮಾಡಿಸ್ದೆ" ಅಂದರು. ಬಾಗಿಲು ತೆಗೆದು ಅದರ ಹಿಂದಿನ ಕಂಬವನ್ನೂ ಅಳೆದೆ. 110. ಬೋಲ್ಟ್‌ಗಳ ಮೇಲಿನ ಪೇಂಟ್ ಒಡೆದಿರಲಿಲ್ಲ. ಅಂದರೆ ಏಟು ಬಾಗಿಲಿನ ಹೊರಗಿನ ತಗಡಿಗೇ ನಿಂತಿದೆ, ಗಾಡಿಯ ಮೈಕಟ್ಟಿಗೆ ಹೋಗಿಲ್ಲ. ಏನಾಯಿತು ಅಂತ ಕೇಳಿದರೆ ಉತ್ತರ ಸಿಗುತ್ತೆ. ತಪ್ಪು ಹೊರಿಸಿದರೆ ಜಗಳ ಸಿಗುತ್ತೆ, ಆಮೇಲೆ ಅವರು ಹೇಳುವ ಯಾವ ಮಾತನ್ನೂ ನಾವು ನಂಬುವ ಹಾಗಿರಲ್ಲ.

ಕಂಪ್ಯೂಟರ್ ಸ್ಕ್ಯಾನರ್ ಹಾಕಿದಾಗ ದೋಷದ ಕೋಡ್ ಒಂದೂ ಇರಲಿಲ್ಲ. ಆದರೆ ಗಾಡಿ ತನ್ನಷ್ಟಕ್ಕೆ ಮಾಡಿಕೊಳ್ಳುವ ಪರೀಕ್ಷೆಗಳಲ್ಲಿ ಕೆಲವು ಇನ್ನೂ ಮುಗಿದಿಲ್ಲ ಅಂತ ತೋರಿಸಿತು. ಯಾರಾದರೂ ಇತ್ತೀಚೆಗೆ ಕೋಡ್ ಅಳಿಸಿದ್ದರೆ ಹೀಗಾಗುತ್ತೆ, ಬ್ಯಾಟರಿ ಬಿಚ್ಚಿದ್ದರೂ ಹೀಗೇ. ಕೇಳಿದೆವು. ಹೋದ ವಾರ ಹೊಸ ಬ್ಯಾಟರಿ ಹಾಕಿಸಿದ ಬಿಲ್ ತಂದು ಕೊಟ್ಟರು. ಎರಡು ದಿನ ಬಿಟ್ಟು ಮತ್ತೆ ನೋಡಿದಾಗ ಎಲ್ಲ ಮುಗಿದಿತ್ತು, ಕೋಡ್ ಬಂದಿರಲಿಲ್ಲ.

ಟೆಸ್ಟ್ ಡ್ರೈವ್‌ನಲ್ಲಿ ಏರು ರಸ್ತೆ ಹುಡುಕಿದೆವು. ನಾಲ್ಕನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಎಂಜಿನ್ ಸುತ್ತಿನ ಮುಳ್ಳು ಸರ್ರಂತ ಮೇಲೆ ಹೋಯಿತು. ವೇಗದ ಮುಳ್ಳು ಅಲ್ಲೇ ಇತ್ತು, ಆಮೇಲೆ ನಿಧಾನಕ್ಕೆ ಏರಿತು. ಎಂಜಿನ್ ಸುತ್ತು ಪೂರ್ತಿ ಚಕ್ರಕ್ಕೆ ತಲುಪುತ್ತಿಲ್ಲ, ಅಂದರೆ ಕ್ಲಚ್ ಜಾರುತ್ತಿದೆ. ಪಕ್ಕದಲ್ಲಿ ಕೂತಿದ್ದ ಮೇಷ್ಟ್ರಿಗೆ "ಈ ಎರಡು ಮುಳ್ಳು ನೋಡಿ ಸರ್" ಅಂತ ಹೇಳಿ ಮತ್ತೊಮ್ಮೆ ಮಾಡಿ ತೋರಿಸಿದೆ. ಅವರು ಬಗ್ಗಿ ಹತ್ತಿರದಿಂದ ನೋಡಿದರು. ದಿನಾ ಓಡಿಸುವವರಿಗೆ ಇದು ಗೊತ್ತಾಗೋದೇ ಇಲ್ಲ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಬದಲಾಗುತ್ತೆ, ಕಾಲು ಹೊಂದಿಕೊಂಡು ಹೋಗುತ್ತೆ.

ಅವತ್ತು ಬೆಲೆಯ ಮಾತೇ ಆಡಲಿಲ್ಲ. ಎರಡು ದಿನ ಬಿಟ್ಟು, ಇಬ್ಬರಿಗೂ ಪರಿಚಯ ಇಲ್ಲದ ಒಬ್ಬ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಹಾಕಿಸಿದೆವು. ಖರ್ಚು ತಂಗಿಯದು. ಅವರು ಕಂಡದ್ದನ್ನೆಲ್ಲ ಬರೆದು ಸಹಿ ಮಾಡಿ ಕೊಟ್ಟರು. ಕ್ಲಚ್‌ಗೆ 5, ಟೈಮಿಂಗ್ ಬೆಲ್ಟ್‌ಗೆ 4 ಅಂದಾಜು. ಎಂಜಿನ್ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವ ಹಾಗೆ ನೋಡಿಕೊಳ್ಳುವ ಈ ಬೆಲ್ಟನ್ನು 1,00,000 ಕಿ.ಮೀ.ಗೆ ಬದಲಾಯಿಸಬೇಕು ಅಂತ ಈ ಗಾಡಿಯ ಕೈಪಿಡಿಯಲ್ಲಿದೆ. ಸರ್ವೀಸ್ ಬುಕ್ಕಿನಲ್ಲಿ ಬದಲಾಯಿಸಿದ ದಾಖಲೆ ಇರಲಿಲ್ಲ. ಈ ಎಂಜಿನ್‌ನಲ್ಲಿ ಬೆಲ್ಟ್ ಕಡಿದರೆ ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವ್‌ಗಳಿಗೆ ಹೊಡೆಯುತ್ತೆ, ತಲೆಭಾಗವನ್ನೇ ಬಿಚ್ಚಬೇಕಾಗುತ್ತೆ. ಮುಂದೂಡುವ ಕೆಲಸ ಅಲ್ಲ.

ಮೇಜಿನ ಮುಂದೆ

ಇಲ್ಲಿ ನಾನು ತಪ್ಪು ಮಾಡಿದೆ.

ಮೆಕ್ಯಾನಿಕ್ ಚೀಟಿಯಿಂದ ಒಂಬತ್ತು ಐಟಂ ತೆಗೆದು ಒಂದು ಹಾಳೆಯಲ್ಲಿ ಬರೆದಿದ್ದೆ. ಕ್ಲಚ್, ಬೆಲ್ಟ್, ಮುಂದಿನ ಟೈರು, ಬ್ರೇಕ್ ಪ್ಯಾಡ್, ವೈಪರ್, ಬಂಪರ್ ಗೀಚು, ಡ್ರೈವರ್ ಸೀಟಿನ ಬಟ್ಟೆ, ಸಣ್ಣ ಆಯಿಲ್ ಜಿನುಗು, ಆ ಬಾಗಿಲು. ಎಲ್ಲ ಕೂಡಿಸಿದರೆ 21. "ನೂರರಲ್ಲಿ ಇದನ್ನ ಕಳೆದ್ರೆ 79 ಆಗುತ್ತೆ ಸರ್" ಅಂತ ಹಾಳೆಯನ್ನು ಅವರ ಮುಂದೆ ಇಟ್ಟೆ. ಕೆಳಗಿನಿಂದ ಶುರು ಮಾಡಿದರೆ ನಡುವೆ ಎಲ್ಲೋ ಬಂದು ನಿಲ್ಲುತ್ತೆ ಅನ್ನೋದು ನನ್ನ ಲೆಕ್ಕ.

ಮೇಷ್ಟ್ರು ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ಪೂರ್ತಿ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಗಾದ್ರೆ ಹೊಸ ಗಾಡಿನೇ ತಗೊಳ್ಳಿ. ಎಂಟು ವರ್ಷ ಓಡಿದ ಗಾಡೀಲಿ ಟೈರ್ ಸವೆದಿರುತ್ತೆ, ಬ್ರೇಕ್ ಸವೆದಿರುತ್ತೆ. ಸವೀಬಾರದು ಅಂದ್ರೆ ನಾನು ಓಡಿಸದೇ ಶೆಡ್ಡಲ್ಲೇ ಇಟ್ಕೋಬೇಕಿತ್ತು."

ಅವರು ಹೇಳಿದ್ದು ಸರಿಯಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಇಲ್ಲಿಗೆ ಮುಗೀತು ಅಂದುಕೊಂಡೆ.

ತಂಗಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಪೆನ್ ತೆಗೆದು ಅವರ ಎದುರಿಗೇ ಒಂದೊಂದಾಗಿ ಗೆರೆ ಎಳೆದಳು. ಟೈರು. ಬ್ರೇಕ್. ವೈಪರ್. ಗೀಚು. ಸೀಟು. ಆಯಿಲ್ ಜಿನುಗು. ಆರು ಹೋಯಿತು, ಮೂರು ಉಳಿಯಿತು.

"ನೀವು ಹೇಳಿದ್ದು ಸರಿ ಸರ್. ಇವು ಎಂಟು ವರ್ಷದ ಗಾಡೀಲಿ ಇರೋವೇ. ಬೆಲೆ ಹೊಸದಕ್ಕಿಂತ ಅಷ್ಟು ಕಮ್ಮಿ ಇರೋದೇ ಅದಕ್ಕೆ ಅಲ್ವಾ. ಇವನ್ನ ನಾನು ಕೇಳಲ್ಲ. ನೂರರಿಂದ ಕಳೆಯೋದೂ ಬೇಡ. ಇದೇ ಗಾಡಿಗಳು ಎಷ್ಟಕ್ಕೆ ಹೋಗ್ತಿವೆ ನೋಡೋಣ" ಅಂತ ನೋಟ್‌ಬುಕ್ ತೆರೆದು ಅವರ ಕಡೆ ತಿರುಗಿಸಿದಳು. ದಿನಾಂಕಗಳು, ಹದಿನಾಲ್ಕು ಗಾಡಿಗಳು, ಯಾವುದು ಉಳಿಯಿತು, ಯಾವುದು ಹೋಯಿತು. ಮೇಷ್ಟ್ರು ಮತ್ತೆ ಕನ್ನಡಕ ಹಾಕಿಕೊಂಡರು.

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಜಾಸ್ತಿ ತೂಕ ಇರುವ ಕ್ಷಣ ನನ್ನ ಪ್ರಕಾರ ಇದೇ. ಹಳೇ ಗಾಡಿಯ ಸವೆತದಲ್ಲಿ ಎರಡು ಜಾತಿ ಇವೆ. ಆ ವಯಸ್ಸಿನ, ಅಷ್ಟು ಓಡಿದ ಎಲ್ಲ ಗಾಡಿಗಳಲ್ಲೂ ಇರುವಂಥದ್ದು ಒಂದು. ಅದರ ಬೆಲೆ ಮಾರುಕಟ್ಟೆ ದರದಲ್ಲಿ ಆಗಲೇ ಇಳಿದಿರುತ್ತೆ. 92 ಅಂತ ಹೇಳುವಾಗಲೇ ಸವೆದ ಟೈರಿನ ಲೆಕ್ಕ ಅದರೊಳಗೆ ಸೇರಿದೆ. ಅದನ್ನು ಮತ್ತೆ ಕಳೆದರೆ ಒಂದೇ ಸವೆತಕ್ಕೆ ಎರಡು ಸಲ ದುಡ್ಡು ಕೇಳಿದ ಹಾಗೆ. ಇನ್ನೊಂದು, ಈ ಗಾಡಿಯಲ್ಲಿ ಮಾತ್ರ ಇರುವಂಥದ್ದು. ಕೇಳುವ ಹಕ್ಕು ನಮಗಿರುವುದು ಅದಕ್ಕೆ. ನಾನು ಎರಡನ್ನೂ ಕಲಸಿ ಕೇಳಿದ್ದೆ. ಆ ಕಲಸಿನಲ್ಲಿ ನ್ಯಾಯವಾದ ಮೂರು ಕೂಡ ಚೌಕಾಸಿಯ ನೆಪದ ಹಾಗೆ ಕಂಡವು.

ಕ್ಲಚ್ ಬಗ್ಗೆ ಚರ್ಚೆಯೇ ಆಗಲಿಲ್ಲ. ಅವರೇ ಮುಳ್ಳುಗಳನ್ನು ನೋಡಿದ್ದರು. "ಅದು ನಂದು, ಒಪ್ಕೋತೀನಿ" ಅಂದರು.

ಬೆಲ್ಟ್ ವಿಷಯದಲ್ಲಿ ಒಳ್ಳೇ ಪ್ರಶ್ನೆ ಹಾಕಿದರು. "ಹೊಸ ಬೆಲ್ಟ್ ಹಾಕಿಸಿದ್ರೆ ಇನ್ನೊಂದು ಲಕ್ಷ ಕಿಲೋಮೀಟರ್ ನೀನು ಓಡಿಸ್ತೀಯಮ್ಮ. ಅದಕ್ಕೆ ನಾನ್ಯಾಕೆ ದುಡ್ಡು ಕೊಡ್ಲಿ?"

ತಂಗಿ ಸ್ವಲ್ಪ ಯೋಚಿಸಿದಳು. "ನಿಜ ಸರ್. ಆದ್ರೆ ಈ ಪಟ್ಟೀಲಿ ಬೆಲ್ಟ್ ಹಾಕಿಸಿದ ಗಾಡಿಗಳೂ ಇವೆ, ಹಾಕಿಸದೇ ಇರೋವೂ ಇವೆ. 92 ಅನ್ನೋದು ಎರಡೂ ಸೇರಿದ ಬೆಲೆ. ಹಾಕಿಸಿದ್ದಿದ್ರೆ ನಾನು ಎರಡು ಜಾಸ್ತಿ ಕೊಡ್ತಿದ್ದೆ. ಇಲ್ಲ, ಅದಕ್ಕೆ ಎರಡು ಕಮ್ಮಿ. ಪೂರ್ತಿ ನಾಲ್ಕು ಕೇಳಲ್ಲ."

ಬಾಗಿಲಿನ ಸಾಲಿನ ಮೇಲೆ ಪೆನ್ ಇಟ್ಟು ಒಂದು ಕ್ಷಣ ನಿಂತಳು. ಆಮೇಲೆ ಅದನ್ನೂ ಹೊಡೆದಳು. "ಇದಕ್ಕೆ ದುಡ್ಡು ಬೇಡ. ಮಾರಾಟದ ಪತ್ರದಲ್ಲಿ ಒಂದು ಸಾಲು ಬರೆದುಕೊಡಿ ಸರ್. ನಾಳೆ ನಾನು ಮಾರುವಾಗ ಇನ್ನೊಬ್ಬರಿಗೆ ಹೇಳ್ಬೇಕಲ್ವಾ." ಮೇಷ್ಟ್ರು ತಲೆಯೆತ್ತಿ ಅವಳನ್ನೇ ನೋಡಿದರು.

92ರಲ್ಲಿ ಐದು, ಎರಡು ಹೋದರೆ 85. ಅದನ್ನೇ ಹೇಳಿದಳು. ಅವರು 93 ಅಂದರು. "ನನ್ನ ಮಗ 95ಕ್ಕಿಂತ ಕಮ್ಮಿಗೆ ಕೊಡ್ಬೇಡಿ ಅಂದಿದ್ದಾನೆ. ಲಕ್ಷ ಕಿಲೋಮೀಟರ್ ದಾಟಿದ್ರೆ ಯಾರೂ ಕೇಳಲ್ಲ, ಅದಕ್ಕೆ ಮುಂಚೆ ಮಾರಿಬಿಡಿ ಅಂತಾನೂ ಹೇಳ್ದ." ಮಗನ ಮಾತಿನಲ್ಲಿ ಹುರುಳಿದೆ. ಅಮೆರಿಕದ ಎರಡು ಕೋಟಿಗೂ ಜಾಸ್ತಿ ಸಗಟು ಮಾರಾಟಗಳನ್ನು ನೋಡಿದ 2012ರ ಒಂದು ಅಧ್ಯಯನದಲ್ಲಿ, ಪ್ರತಿ ಹತ್ತು ಸಾವಿರ ಮೈಲಿಯ ಗಡಿ ದಾಟಿದ ತಕ್ಷಣ ಹಳೇ ಕಾರಿನ ಬೆಲೆ ಮೆಟ್ಟಿಲಿಳಿದ ಹಾಗೆ ಇಳಿದದ್ದು ಕಂಡಿತ್ತು. ಎಂಜಿನ್‌ಗೆ ಆ ಗಡಿಯಲ್ಲಿ ಏನೂ ಆಗಲ್ಲ, ನೋಡುವವರು ಮೊದಲ ಅಂಕಿಯನ್ನೇ ನೋಡುತ್ತಾರೆ. ಮೇಷ್ಟ್ರಿಗೆ ಸ್ವಲ್ಪ ಅವಸರ ಇದೆ ಅಂತ ನಮಗೆ ಗೊತ್ತಾಯಿತು. ತಂಗಿ ಅದನ್ನು ಹಿಡಿದು ಜಗ್ಗಲಿಲ್ಲ. "ಈ ಚೀಟಿ, ಈ ಪಟ್ಟಿ ಎರಡರ ಫೋಟೋನೂ ನಿಮ್ಮ ಮಗನಿಗೆ ಕಳಿಸಿ ಸರ್. ಅವರೂ ನೋಡ್ಲಿ" ಅಂದಳು.

ಹತ್ತು ನಿಮಿಷ ಕಾದೆವು. ನನಗೆ ಏನಾದರೂ ಹೇಳಬೇಕು, ಎರಡು ಏರಿಸಿಬಿಡಬೇಕು ಅನ್ನಿಸುತ್ತಿತ್ತು. ಅವಳು ಸುಮ್ಮನೆ ಸರ್ವೀಸ್ ಬುಕ್ ತಿರುವುತ್ತಿದ್ದಳು. ಎಂಟು ವರ್ಷದ ಒಂದು ಸರ್ವೀಸೂ ತಪ್ಪಿರಲಿಲ್ಲ, ಬಿಲ್ಲುಗಳನ್ನೂ ಒತ್ತಾಗಿ ಪಿನ್ ಮಾಡಿಟ್ಟಿದ್ದರು. ಹಳೇ ಕಾರಿನ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು 1970ರಲ್ಲಿ ಜಾರ್ಜ್ ಅಕರ್‌ಲಾಫ್ ಒಂದು ಮಾತು ತೋರಿಸಿಕೊಟ್ಟರು. ಗಾಡಿಯ ಗುಣ ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಭಯಕ್ಕೆ ಕೊಳ್ಳುವವರು ಎಲ್ಲಕ್ಕೂ ಸಾಧಾರಣ ಬೆಲೆಯನ್ನೇ ಕೊಡುತ್ತಾರೆ. ಆಗ ಒಳ್ಳೇ ಗಾಡಿ ಇಟ್ಟವರು ಮಾರುಕಟ್ಟೆಯನ್ನೇ ಬಿಟ್ಟು ಹೋಗುತ್ತಾರೆ. 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಪಿನ್ ಮಾಡಿದ ಬಿಲ್ಲುಗಳು ಈ ಭಯವನ್ನು ಕಳೆಯುವ ಸಾಧನ, ಅದಕ್ಕೂ ಒಂದು ಬೆಲೆ ಇದೆ. ಫೋನ್ ಬರುವ ಮುಂಚೆಯೇ ತಂಗಿ ಅದನ್ನು ಬಾಯಿಬಿಟ್ಟು ಹೇಳಿದಳು: "ಇಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಲ್ಲ ಸರ್, ನಾನು ಇನ್ನೊಂದು ಗಾಡಿಗೆ ಹೋಗದೇ ಇಲ್ಲಿ ಕೂತಿರೋದು ಇದಕ್ಕೇ."

ಮಗ ಫೋನ್ ಮಾಡಿ 89ಕ್ಕೆ ಇಳಿದರು. 85, 89. ತಂಗಿ 87 ಅಂದಳು. ಮೇಷ್ಟ್ರು ಒಪ್ಪಿದರು. ನಡುವಿನ ಅಂಕಿಗೆ ಒಪ್ಪುವುದು ಇಷ್ಟು ಚಿಕ್ಕ ಅಂತರದಲ್ಲಿ ಮಾತ್ರ ಸರಿ. ಅಂತರ ದೊಡ್ಡದಿದ್ದರೆ, ಶುರುವಿನಲ್ಲಿ ಯಾರು ಜಾಸ್ತಿ ವಿಪರೀತ ಕೇಳಿದರೋ ಅವರಿಗೇ ಲಾಭ ಆಗುತ್ತೆ.

ನನ್ನ 79 ಇಲ್ಲದಿದ್ದರೆ 86ಕ್ಕೋ 85ಕ್ಕೋ ಆಗುತ್ತಿತ್ತೇನೋ ಅಂತ ಈಗಲೂ ಅನ್ನಿಸುತ್ತೆ. ಅವರಿಗೆ ಆದ ಬೇಸರ ಹೋಗಲು ಅರ್ಧ ಗಂಟೆ ಹಿಡಿಯಿತು.

ಆಮೇಲೆ

ಮುಂಗಡ ಕೊಡುವಾಗ ಚೀಟಿಯಲ್ಲಿ ಬೆಲೆ, ಚಾಸಿ ನಂಬರಿನ ಹದಿನೇಳೂ ಅಕ್ಷರ, ಕೊಡುವ ದಿನ, ಎರಡೂ ಕೀ, ಗಾಡಿ ಮೇಲೆ ಸಾಲ ಬಾಕಿ ಇಲ್ಲ ಅನ್ನೋದು, ಬಾಗಿಲಿನ ಸಾಲು ಎಲ್ಲ ಬರೆದರು. ಚಾಸಿ ನಂಬರನ್ನು ಗಾಡಿಯ ಮೇಲೆ ನೋಡಿ ದಾಖಲೆಗೆ ತಾಳೆ ಹಾಕಿದ್ದೆವು. ಉಳಿದ ದುಡ್ಡು ಹೆಸರು ಬದಲಾವಣೆಯ ಕಾಗದಕ್ಕೆ ಸಹಿ ಬಿದ್ದ ದಿನ.

ಅದೇ ವಾರ ಮೆಕ್ಯಾನಿಕ್ ಕ್ಲಚ್ ಬಿಚ್ಚಿದರು. ಪ್ಲೇಟಿನ ಹಿಡಿತದ ಪದರ ರಿವೆಟ್ ತಲೆಯ ಮಟ್ಟಕ್ಕೆ ಬಂದಿತ್ತು. ಇನ್ನು ಸ್ವಲ್ಪ ದಿನ ಓಡಿಸಿದ್ದರೆ ರಿವೆಟ್‌ಗಳು ಫ್ಲೈವೀಲ್ (ಕ್ಲಚ್ ಒತ್ತಿ ಹಿಡಿಯುವ ಎಂಜಿನ್ ಚಕ್ರ) ಗೀಚಿ ಅದನ್ನೂ ಬದಲಾಯಿಸಬೇಕಾಗುತ್ತಿತ್ತು. ಕ್ಲಚ್‌ಗೆ ಐದೂವರೆ ಆಯಿತು, ಬೆಲ್ಟ್‌ಗೆ ನಾಲ್ಕು, ಮುಂದಿನ ಟೈರಿಗೆ ಮೂರು. 87ರ ಜೊತೆ ಸೇರಿಸಿದರೆ 99 ಮತ್ತು ಅರ್ಧ. ಬ್ರೇಕ್ ಪ್ಯಾಡ್ ನಾಲ್ಕು ತಿಂಗಳು ತಡೆಯಿತು, ಅದು ಅವಳ ಸಂಬಳದಲ್ಲಿ ಆಯಿತು.

ಆ ಪ್ಲೇಟಿನ ಫೋಟೋವನ್ನು ತಂಗಿ ಮೇಷ್ಟ್ರಿಗೆ ಕಳಿಸಿದಳು. ನಾವು ಸುಳ್ಳು ಹೇಳಿರಲಿಲ್ಲ ಅಂತ ಗೊತ್ತಾಗಲಿ ಅಂತ ಅಷ್ಟೇ. ಸಂಜೆ ಅವರೇ ಫೋನ್ ಮಾಡಿದರು. ಕ್ಲಚ್ ಬಗ್ಗೆ ಎರಡು ಮಾತಾಡಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಆ ಬಾಗಿಲಿಗೆ ನೀನು ದುಡ್ಡು ಕೇಳ್ಲಿಲ್ಲ. ಅವತ್ತು ಸಂಜೆ ಗೇಟಿನ ಕಂಬ ನನಗೆ ಕಾಣಲೇ ಇಲ್ಲಮ್ಮ. ಗಾಡಿ ಬಿಡಬೇಕು ಅಂತ ತೀರ್ಮಾನ ಮಾಡಿದ್ದು ಅವತ್ತೇ. ಮಗನಿಗೂ ಹೇಳಿಲ್ಲ."